ಮೂರೆಳೆಯ ಹುರಿಯನ್ನು ಕಂಡವರು: ಜಿ. ಎನ್. ರಾಮಚಂದ್ರನ್

ಕವಿಯ ಜೀವನಚರಿತ್ರೆಯನ್ನು ಬರೆಯಹೊರಟವನಿಗೆ ಒಂದು ಅನುಕೂಲವುಂಟು. ಬಾಳಿನ ಕಥೆ ಎಲ್ಲಿಯಾದರೂ ಕಡಿದುಹೋದರೆ ಕವಿಯ ಕೃತಿಗಳು ಆ ತೆರವನ್ನು ತುಂಬಿಕೊಡುತ್ತವೆ. ಓದುಗರಿಗೂ ಆ ಕೃತಿಗಳ ಪರಿಚಯ ಅಷ್ಟಿಷ್ಟು ಇದ್ದೇ ಇರುತ್ತದೆ. ವಿಜ್ಞಾನಿಯ ವಿಷಯದಲ್ಲಿ ಈ ಅನುಕೂಲವಿಲ್ಲ. ಅವನ ಮಹಾಕಾವ್ಯವೆಂಬುದು ಎಷ್ಟೋ ವೇಳೆ ಎರಡು ಮೂರು ಪುಟಗಳ ಒಂದು ಲೇಖನ. ಅದರ ತುಂಬ ಅಂಕೆಗಳು, ಕೋನಗಳು, ಒಂದು ಮಸುಕು ಚಿತ್ರ. ಅದನ್ನು ಓದಬಲ್ಲವರು ಕೆಲವೇ ಮಂದಿ. ಅವರೂ ಅದರಿಂದ ತಮಗೆ ಬೇಕಾದ ಅಂಶವನ್ನು ತೆಗೆದುಕೊಂಡು ಮುಂದೆ ನಡೆದುಬಿಡುತ್ತಾರೆ. ಹೆಸರು ಒಂದು ನಕ್ಷೆಗೋ ಸೂತ್ರಕ್ಕೋ ಅಂಟಿಕೊಂಡು ಉಳಿಯುತ್ತದೆ. ಆ ಹೆಸರಿನ ಮನುಷ್ಯ ಮರೆಯಾಗುತ್ತಾನೆ.

ಜಿ. ಎನ್. ರಾಮಚಂದ್ರನ್ ಅವರ ಪಾಡು ಹೀಗೆಯೇ ಆಗಿದೆ. ರಾಮಚಂದ್ರನ್ ನಕ್ಷೆಯೆಂದರೆ ಜೀವರಸಾಯನವನ್ನು ಓದುವ ವಿದ್ಯಾರ್ಥಿ ಲೋಕದ ಯಾವ ಮೂಲೆಯಲ್ಲಿದ್ದರೂ ಬಲ್ಲ. ಆ ರಾಮಚಂದ್ರನ್ ಯಾರು, ಎಲ್ಲಿದ್ದರು ಎಂದು ಕೇಳಿದರೆ ನಮ್ಮ ಮಲ್ಲೇಶ್ವರದ ಹುಡುಗರೂ ತಡವರಿಸುತ್ತಾರೆ. ಅವರು ಮೊದಲು ಕಲಿತದ್ದೂ ಕೊನೆಗೆ ಕಲಿಸಿದ್ದೂ ಮಲ್ಲೇಶ್ವರಕ್ಕೆ ಕೂಗಳತೆಯಲ್ಲಿರುವ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಮಂದಿರದಲ್ಲಿ. ನಾನು ಕನ್ನಡ ಪಾಠ ಹೇಳುವವನು. ವಿಜ್ಞಾನದಲ್ಲಿ ನನಗೆ ಅಧಿಕಾರವಿಲ್ಲ. ಆದರೂ ಅವರ ವಿಷಯವನ್ನು ಬರೆಯಬೇಕೆಂದು ನನಗೆ ತೋರಿದುದಕ್ಕೆ ಕಾರಣವುಂಟು. ಅದನ್ನು ಸಂದರ್ಭ ಬಂದಾಗ ಹೇಳುತ್ತೇನೆ.

ರಾಮಚಂದ್ರನ್ ಹುಟ್ಟಿದ್ದು 1922ನೆಯ ಇಸವಿ ಅಕ್ಟೋಬರ್ 8ರಂದು, ಆಗಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮನೆಯಲ್ಲಿ ಗಣಿತವೆಂಬುದು ಊಟ ಉಪಚಾರದಷ್ಟೇ ಸಹಜವಾದ ಮಾತು. ರೇಖಾಗಣಿತದ ಆಕೃತಿಗಳನ್ನು ಕಾಗದದ ಮೇಲಲ್ಲದೆ ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಅಭ್ಯಾಸ ಮಗನಿಗೆ ಎಳವೆಯಲ್ಲಿಯೇ ಹತ್ತಿತು. ಮುಂದೆ ಅವರು ಮಾಡಿದ ಕೆಲಸಗಳಲ್ಲೆಲ್ಲ ಈ ಅಭ್ಯಾಸದ ಗುರುತು ಕಾಣುತ್ತದೆ.

ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಮುಗಿಸಿದ ಮಗ ಸರ್ಕಾರದ ದೊಡ್ಡ ಹುದ್ದೆಗೆ ಸೇರಲಿ ಎಂಬುದು ತಂದೆಯ ಅಪೇಕ್ಷೆಯಾಗಿತ್ತು. ರೈಲ್ವೆ ಎಂಜಿನಿಯರಿಂಗ್ ಪರೀಕ್ಷೆಗೆ ಕಳಿಸಿದರೆ ಮಗರಾಯರು ಬೇಕೆಂದೇ ಸರಿಯಾಗಿ ಬರೆಯದೆ ಬಂದರು ಎಂಬ ಕಥೆಯೊಂದಿದೆ. ಅದು ಹೇಗೇ ಇರಲಿ, 1942ರಲ್ಲಿ ಅವರು ಬೆಂಗಳೂರಿಗೆ ಬಂದು ವಿಜ್ಞಾನ ಮಂದಿರದ ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದರು. ಅಪ್ಪನ ಮಾತಿಗೂ ಮಗನ ಮನಸ್ಸಿಗೂ ಅದು ಒಂದು ಬಗೆಯ ರಾಜಿ.

ಆ ರಾಜಿ ಬಹಳ ಕಾಲ ನಿಲ್ಲಲಿಲ್ಲ. ಭೌತಶಾಸ್ತ್ರ ವಿಭಾಗದಲ್ಲಿ ಆಗ ಸಿ. ವಿ. ರಾಮನ್ ಇದ್ದರು. 1933ರಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದು, 1937ರಲ್ಲಿ ಆ ಹುದ್ದೆಯನ್ನು ಬಿಟ್ಟು, ಪ್ರಾಧ್ಯಾಪಕರಾಗಿ ಉಳಿದಿದ್ದರು. ಯುದ್ಧದ ಕಾಲ. ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಮುಂತಾದವರೂ ಅಲ್ಲಿಯೇ ಇದ್ದ ದಿನಗಳು ಅವು. ಎಂಜಿನಿಯರಿಂಗ್ ವಿದ್ಯಾರ್ಥಿಯ ಬುದ್ಧಿಯನ್ನು ಕಂಡ ರಾಮನ್ನರು ಈತ ನಿಮ್ಮ ವಿಭಾಗಕ್ಕೆ ತಕ್ಕವನಲ್ಲ, ನಮ್ಮಲ್ಲಿಗೆ ಬರಬೇಕಾದವನು ಎಂದು ಆ ವಿಭಾಗದ ಮುಖ್ಯಸ್ಥರಿಗೆ ಹೇಳಿ ಕರೆದುಕೊಂಡರೆಂದು ಪ್ರತೀತಿ. ಶಿಷ್ಯನನ್ನು ಗುರು ಆರಿಸಿಕೊಳ್ಳುವ ಈ ಪದ್ಧತಿ ನಮ್ಮಲ್ಲಿ ಹಳೆಯದು, ಈಗ ಅಪರೂಪವಾಗಿದೆ.

ರಾಮನ್ನರ ಬಳಿ ಅವರು ಕಲಿತದ್ದು ಬೆಳಕು ಮತ್ತು ಸ್ಫಟಿಕ. ಚಂದ್ರನ ಸುತ್ತ ತೆಳುಮೋಡದಲ್ಲಿ ಕಾಣುವ ಬಣ್ಣದ ಬಳೆಗಳನ್ನು ಕುರಿತು 1943ರಲ್ಲಿ ಅವರು ಬರೆದ ಪ್ರಬಂಧ, ಇಪ್ಪತ್ತೊಂದು ವರ್ಷದ ಹುಡುಗ ಬರೆದದ್ದೆಂದು ನಂಬಲಾಗದಷ್ಟು ಪ್ರೌಢವೆಂದು ಬಲ್ಲವರ ಅಭಿಪ್ರಾಯ. ಆಮೇಲೆ ವಜ್ರದ ಒಳರಚನೆಯನ್ನು ಕ್ಷಕಿರಣಗಳಿಂದ ಪರೀಕ್ಷಿಸಿದರು. 1947ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಬಂತು. ಅಲ್ಲಿಂದ ಕೇಂಬ್ರಿಡ್ಜಿಗೆ ಹೋಗಿ, ಕ್ಯಾವೆಂಡಿಶ್ ಪ್ರಯೋಗಶಾಲೆಯಲ್ಲಿ ವೂಸ್ಟರ್ ಎಂಬವರ ಬಳಿ ಎರಡು ವರ್ಷ ಕೆಲಸ ಮಾಡಿ ಇನ್ನೊಂದು ಡಾಕ್ಟರೇಟ್ ಪಡೆದರು. ಹಾಗೆ ಹೋದವರಲ್ಲಿ ಅಲ್ಲಿಯೇ ನೆಲೆ ನಿಂತವರು ಹಲವರು. ಇವರು 1949ರಲ್ಲಿ ಬೆಂಗಳೂರಿಗೆ ಮರಳಿದರು.

1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ತನ್ನ ಹೊಸ ಭೌತಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿತ್ತು. ಕುಲಪತಿ ಲಕ್ಷ್ಮಣಸ್ವಾಮಿ ಮೊದಲಿಯಾರರು ರಾಮನ್ನರನ್ನು ವಿಚಾರಿಸಿದರು. ರಾಮನ್ನರು ತಮ್ಮ ಶಿಷ್ಯನನ್ನು ತೋರಿಸಿದರು. ಮೂವತ್ತು ತುಂಬುವ ಮುನ್ನವೇ ರಾಮಚಂದ್ರನ್ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಕ್ಷಕಿರಣದ ಯಂತ್ರ ಬಂತು, ಶಿಷ್ಯರು ಬಂದರು. ಯಾವ ಸಮಸ್ಯೆಯನ್ನು ಕೈಗೆತ್ತಿಕೊಳ್ಳಬೇಕೆಂಬುದು ಮಾತ್ರ ಇನ್ನೂ ನಿಶ್ಚಯವಾಗಿರಲಿಲ್ಲ.

ಆಗ ಜೆ. ಡಿ. ಬರ್ನಾಲ್ ಎಂಬ ವಿಜ್ಞಾನಿ ಮದರಾಸಿಗೆ ಬಂದರು. ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲವೆಂಬ ಮಾತು ಅವರಿಂದ ಬಂತು. ಅಷ್ಟೇ ಸಾಕಾಯಿತು. ವಿಶ್ವವಿದ್ಯಾನಿಲಯಕ್ಕೆ ಸಮೀಪದಲ್ಲಿಯೇ ಕೇಂದ್ರ ಚರ್ಮ ಸಂಶೋಧನಾಲಯವಿತ್ತು. ಚರ್ಮವೆಂದರೆ ಬಹುಮಟ್ಟಿಗೆ ಕೊಲಾಜೆನ್ನೇ. ಅಲ್ಲಿಂದ ದೊರೆತ ಕಾಂಗರೂವಿನ ಬಾಲದ ಸ್ನಾಯುರಜ್ಜು ಅವರ ಪರೀಕ್ಷೆಯ ವಸ್ತುವಾಯಿತು. ಶಿಷ್ಯ ಗೋಪೀನಾಥ ಕರ್ತ ಜೊತೆಗೆ ನಿಂತರು.

ಕೊಲಾಜೆನ್ ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಮೈಯಲ್ಲಿರುವ ಪ್ರೋಟೀನಿನಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಇದೇ. ಚರ್ಮ, ಮೂಳೆ, ಸ್ನಾಯುರಜ್ಜು, ರಕ್ತನಾಳ, ಹೃದಯ, ಎಲ್ಲೆಲ್ಲಿಯೂ ಇದರ ಎಳೆಗಳೇ. ಜೀವಕೋಶಗಳು ಇಟ್ಟಿಗೆಗಳಾದರೆ ಇದು ಗಾರೆಯೂ ಹೌದು, ತೊಲೆಯೂ ಹೌದು. ಚರ್ಮವನ್ನೋ ಮೂಳೆಯನ್ನೋ ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಇದು ಬಿಟ್ಟುಕೊಂಡು ಜೆಲಟಿನ್ ಆಗುತ್ತದೆ. ಆರಿದಾಗ ತನ್ನ ತೂಕದ ಹತ್ತಾರು ಪಾಲು ನೀರನ್ನು ಹಿಡಿದಿಟ್ಟುಕೊಂಡು ನಡುಗುವ ಗಟ್ಟಿಯಾಗುತ್ತದೆ. ಬಸವನಗುಡಿಯ ಮಡಿವಂತರ ಮನೆಗಳಿಗೂ ಅದು ಎಂದೋ ಪ್ರವೇಶ ಮಾಡಿದೆ. ಔಷಧದ ಗುಳಿಗೆಯ ಹೊರಕವಚ ಸಾಮಾನ್ಯವಾಗಿ ಜೆಲಟಿನ್ನೇ.

ಈ ಪ್ರೋಟೀನಿನ ಸರಪಳಿಯಲ್ಲಿ ಪ್ರತಿ ಮೂರನೆಯ ಕೊಂಡಿಯೂ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೆಂಬುದು ರಸಾಯನಶಾಸ್ತ್ರಜ್ಞರಿಗೆ ತಿಳಿದಿತ್ತು. ಹೀಗೇಕೆ ಎಂಬುದು ತಿಳಿದಿರಲಿಲ್ಲ. ಲಿನಸ್ ಪಾಲಿಂಗ್ ಮೊದಲಾದ ಘಟಾನುಘಟಿಗಳು ಸೂಚಿಸಿದ್ದ ರಚನೆಗಳು ಕ್ಷಕಿರಣದ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ರಾಮಚಂದ್ರನ್ ಈ ಮೂರರ ಲೆಕ್ಕವನ್ನೇ ಹಿಡಿದುಕೊಂಡರು. ಮೂರು ಸರಪಳಿಗಳು ಜೊತೆಯಾಗಿ ನಿಂತು ಮಧ್ಯದಲ್ಲಿ ತೀರ ಇಕ್ಕಟ್ಟಾದ ಜಾಗವಿದ್ದರೆ, ಅಲ್ಲಿ ಹಿಡಿಯುವುದು ಗ್ಲೈಸೀನ್ ಒಂದೇ. ಆದುದರಿಂದಲೇ ಮೂರಕ್ಕೊಮ್ಮೆ ಅದು ಬರಬೇಕು. 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಮೂರೆಳೆಯ ರಚನೆ ಪ್ರಕಟವಾಯಿತು. ಮರುವರ್ಷ ಅದನ್ನು ಇನ್ನೂ ತಿದ್ದಿದರು. ಎಳೆಗಳು ಬರಿದೆ ಪಕ್ಕಪಕ್ಕದಲ್ಲಿ ನಿಂತಿಲ್ಲ. ಒಂದೊಂದೂ ತಾನೇ ಒಂದು ಕಡೆಗೆ ಸುರುಳಿಯಾಗಿ, ಮೂರೂ ಸೇರಿ ಮತ್ತೊಂದು ಕಡೆಗೆ ಹೊಸೆದುಕೊಂಡಿವೆ. ಹಗ್ಗ ಹೊಸೆಯುವವರು ಬಲ್ಲ ಗುಟ್ಟು ಇದು. ಎಳೆಯ ತಿರುಚು ಒಂದು ಕಡೆಗೆ, ಹುರಿಯ ತಿರುಚು ಇನ್ನೊಂದು ಕಡೆಗೆ ಇದ್ದರೆ ಎಳೆದಷ್ಟೂ ಹಗ್ಗ ಬಿಗಿಯುತ್ತದೆ, ಬಿಚ್ಚಿಕೊಳ್ಳುವುದಿಲ್ಲ.

ಈ ಹೊಸೆತ ಅವರಿಗೆ ಹೊಳೆದುದು ಚಂದ್ರನನ್ನು ಕುರಿತು ಯೋಚಿಸುತ್ತಿದ್ದಾಗ ಎಂದು ಹೇಳುತ್ತಾರೆ. ಚಂದ್ರ ಭೂಮಿಯನ್ನು ಸುತ್ತುವಾಗ ಯಾವಾಗಲೂ ಒಂದೇ ಮುಖವನ್ನು ಇತ್ತ ತೋರುತ್ತಾನೆ. ಹಾಗೆಯೇ ಪ್ರತಿಯೊಂದು ಎಳೆಯೂ ನಡುವಿನ ಅಕ್ಷವನ್ನು ಸುತ್ತುತ್ತ ತನ್ನ ಗ್ಲೈಸೀನಿನ ಮುಖವನ್ನು ಒಳಕ್ಕೇ ತಿರುಗಿಸಿಕೊಂಡಿರಬೇಕು. ಚಂದ್ರನ ಸುತ್ತಿನ ಬಳೆಗಳಿಂದ ಪ್ರಾರಂಭಿಸಿದವರಿಗೆ ಚಂದ್ರನೇ ದಾರಿ ತೋರಿದನೆಂದರೆ ಆ ಉಪಮಾನ ನಮಗೆ, ಸಾಹಿತ್ಯದವರಿಗೆ, ಹಿತವಾಗಿಯೇ ಇದೆ.

ಇಷ್ಟಾದ ಮೇಲೆ ಕೀರ್ತಿ ಬರಬೇಕಾಗಿತ್ತು, ಬಂದುದು ವಿವಾದ. 1955ರಲ್ಲಿಯೇ, ರಾಮಚಂದ್ರನ್ ಅವರ ಎರಡನೆಯ ಲೇಖನದ ಹಿಂದೆಯೇ, ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮ ರಚನೆಯನ್ನು ಪ್ರಕಟಿಸಿದರು. ಎರಡು ವರ್ಷ ಹಿಂದೆ ಡಿ.ಎನ್.ಎ.ಯ ಜೋಡಿಸುರುಳಿಯಿಂದ ಲೋಕವನ್ನು ಬೆರಗುಗೊಳಿಸಿದ್ದ ಕ್ರಿಕ್ಕರೇ ಇವರು. ಅವರದೂ ಹೊಸೆದ ಮೂರೆಳೆಯೇ. ಆದರೆ ಮದರಾಸಿನವರು ಮೂರು ಕೊಂಡಿಗೆ ಎರಡು ಜಲಜನಕ ಬಂಧಗಳನ್ನು ಇಟ್ಟಿದ್ದಾರೆ, ಹಾಗೆ ಇಟ್ಟರೆ ಕೆಲವು ಪರಮಾಣುಗಳು ಒಂದಕ್ಕೊಂದು ಮೈ ತಾಗಿಸಿಕೊಳ್ಳುವಷ್ಟು ಹತ್ತಿರವಾಗುತ್ತವೆ, ಅದು ಅಸಾಧ್ಯ, ಬಂಧ ಒಂದೇ ಇರಬೇಕು ಎಂಬುದು ಅವರ ಆಕ್ಷೇಪ. ಕೇಂಬ್ರಿಡ್ಜಿನ ಮಾತಿಗೆ ಇದ್ದ ತೂಕ ಮದರಾಸಿನ ಮಾತಿಗೆ ಇರಲಿಲ್ಲ. ಪುಸ್ತಕಗಳು ಅನೇಕ ಕಾಲ ಕ್ರಿಕ್ ಮತ್ತು ರಿಚ್ ಅವರ ಹೆಸರನ್ನೇ ಮುಂದುಮಾಡಿದುವು. ಬಂಧದ ಲೆಕ್ಕದಲ್ಲಿ ಅವರು ಸರಿಯಾಗಿದ್ದರೆಂದು ಮುಂದೆ ಗೊತ್ತಾಯಿತು. ಹುರಿಗೆ ಮೂರು ಎಳೆಯೆಂಬುದನ್ನು ಮೊದಲು ಕಂಡವರು ರಾಮಚಂದ್ರನ್ ಮತ್ತು ಕರ್ತ ಎಂಬುದೂ ಅಷ್ಟೇ ಸರಿ. ಸತ್ಯದ ಒಂದೊಂದು ಭಾಗ ಒಬ್ಬೊಬ್ಬರ ಪಾಲಿಗೆ ಬಂದಿತ್ತು. ಕೀರ್ತಿ ಆ ಪ್ರಮಾಣದಲ್ಲಿ ಹಂಚಿಕೆಯಾಗಲಿಲ್ಲ.

ಇಂತಹ ಸಂದರ್ಭದಲ್ಲಿಯೇ ಮನುಷ್ಯನ ಸತ್ತ್ವ ಹೊರಬೀಳುತ್ತದೆ. ರಾಮಚಂದ್ರನ್ ನೊಂದರು, ತಮ್ಮ ಕೆಲಸಕ್ಕೆ ನ್ಯಾಯ ದೊರೆಯಲಿಲ್ಲವೆಂಬ ಕೊರಗು ಅವರಲ್ಲಿ ಕಡೆಯತನಕ ಇತ್ತೆಂದು ಕಾಣುತ್ತದೆ. ಆದರೆ ಆಕ್ಷೇಪವನ್ನು ಅವರು ಸುಮ್ಮನೆ ತಳ್ಳಿಹಾಕಲಿಲ್ಲ. ಪರಮಾಣುಗಳು ಎಷ್ಟು ಹತ್ತಿರ ಬರಬಹುದೆಂದು ಹೇಳುವವರು ಯಾರು? ಅದನ್ನು ಅಳೆದು ನೋಡಿದವರುಂಟೆ? ಅಲ್ಲಿಯವರೆಗೆ ಪ್ರಕಟವಾಗಿದ್ದ ಸ್ಫಟಿಕರಚನೆಗಳನ್ನೆಲ್ಲ ತಂದಿಟ್ಟುಕೊಂಡು, ಶಿಷ್ಯರಾದ ಶಶಿಶೇಖರನ್ ಮತ್ತು ರಾಮಕೃಷ್ಣನ್ ಅವರೊಡನೆ ಅಂತರಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಪ್ರೋಟೀನಿನ ಸರಪಳಿ ತಿರುಗಬಲ್ಲದ್ದು ಮುಖ್ಯವಾಗಿ ಎರಡು ಕೋನಗಳಲ್ಲಿ. ಆ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ, ಯಾವ ಯಾವ ಭಂಗಿಯಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುವುದಿಲ್ಲವೆಂದು ಲೆಕ್ಕ ಹಾಕಿದರು. ಇಂದಿನ ಗಣಕಯಂತ್ರಗಳಿಲ್ಲದ ಕಾಲದಲ್ಲಿ ಅದೊಂದು ತಪಸ್ಸು. ಕೊನೆಗೆ ದೊರೆತುದು ಒಂದು ಚೌಕದ ನಕ್ಷೆ. ಅದರ ಬಹುಭಾಗ ನಿಷಿದ್ಧ ಪ್ರದೇಶ. ಅಲ್ಲಲ್ಲಿ ಕೆಲವು ದ್ವೀಪಗಳಲ್ಲಿ ಮಾತ್ರ ಪ್ರೋಟೀನಿಗೆ ಬಾಳಲು ಎಡೆ. 1963ರಲ್ಲಿ ಇದು ಪ್ರಕಟವಾಯಿತು. ಇಂದು ಯಾವ ದೇಶದ ಯಾವ ಪ್ರಯೋಗಶಾಲೆಯಲ್ಲಿ ಹೊಸ ಪ್ರೋಟೀನಿನ ರಚನೆ ಸಿದ್ಧವಾದರೂ, ಗಣಕಯಂತ್ರವೇ ಊಹಿಸಿದ ರಚನೆಯಾದರೂ, ಈ ನಕ್ಷೆಗೆ ಹಿಡಿದು ತಾಳೆ ನೋಡದೆ ಒಪ್ಪುವ ರೂಢಿಯಿಲ್ಲ. ಎದುರಾಳಿಯ ಆಕ್ಷೇಪದಿಂದ ಮೊದಲಿನದಕ್ಕಿಂತ ದೊಡ್ಡ ಕೃತಿಯನ್ನು ಪಡೆದವರು ಸಾಹಿತ್ಯದ ಚರಿತ್ರೆಯಲ್ಲಿಯೂ ವಿರಳ.

ಮೊದಲಿಯಾರರು ಮದರಾಸಿನ ಕುಲಪತಿ ಪದವಿಯಿಂದ ನಿವೃತ್ತರಾದ ಮೇಲೆ ರಾಮಚಂದ್ರನ್ ಅವರಿಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಕೆಲಕಾಲ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಇದ್ದರು. ವಿಜ್ಞಾನ ಮಂದಿರಕ್ಕೆ ಆಗ ಸತೀಶ್ ಧವನ್ ನಿರ್ದೇಶಕರು. ಅವರ ಕರೆಯ ಮೇರೆಗೆ ಬೆಂಗಳೂರಿಗೆ ಹಿಂದಿರುಗಿ, ಅಣುಜೀವಭೌತ ಘಟಕವನ್ನು 1971ರಲ್ಲಿ ಸ್ಥಾಪಿಸಿದರು. ಅವರ ಗುರು ರಾಮನ್ನರು 1970ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಮಲ್ಲೇಶ್ವರದ ಪಂಚವಟಿ ಯಜಮಾನನಿಲ್ಲದ ಮನೆಯಾಗಿತ್ತು. ಶಿಷ್ಯ ಹಿಂದಿರುಗಿದುದು ಗುರುವಿಲ್ಲದ ಊರಿಗೆ.

1971ರಲ್ಲಿಯೇ ಅವರೂ ಲಕ್ಷ್ಮೀನಾರಾಯಣನ್ ಎಂಬ ಶಿಷ್ಯರೂ ಸೇರಿ ಇನ್ನೊಂದು ಲೇಖನ ಬರೆದರು. ಒಂದು ವಸ್ತುವಿನ ನೆರಳುಗಳನ್ನು ಹಲವು ದಿಕ್ಕುಗಳಿಂದ ತೆಗೆದು, ಅವುಗಳಿಂದ ಒಳಗಿನ ಆಕಾರವನ್ನು ಸುಲಭವಾದ ಲೆಕ್ಕದಿಂದ ಮರಳಿ ಕಟ್ಟುವುದು ಹೇಗೆಂಬುದು ಅದರ ವಿಷಯ. ಇಂದು ಆಸ್ಪತ್ರೆಗಳಲ್ಲಿ ಸಿ.ಟಿ. ಸ್ಕ್ಯಾನ್ ಎಂದು ಕರೆಯುವ ಪರೀಕ್ಷೆಗೆ ಈ ಬಗೆಯ ಲೆಕ್ಕ ಬಹಳ ಕಾಲ ಆಧಾರವಾಯಿತು. ಆ ಯಂತ್ರಕ್ಕಾಗಿ 1979ರಲ್ಲಿ ನೊಬೆಲ್ ಬಹುಮಾನ ಇಬ್ಬರಿಗೆ ಸಂದಿತು. ಅವರಲ್ಲಿ ರಾಮಚಂದ್ರನ್ ಇರಲಿಲ್ಲ. 1977ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತ್ತು.

ಬೆಂಗಳೂರಿನ ಈ ವರ್ಷಗಳಲ್ಲಿ ಅವರು ಕೊಲಾಜೆನ್ನನ್ನು ಮರೆಯಲಿಲ್ಲ. ಕಳೆದುಹೋದ ಆ ಎರಡನೆಯ ಬಂಧ ಅವರನ್ನು ಕಾಡುತ್ತಲೇ ಇದ್ದಿರಬೇಕು. ಮದರಾಸಿನಲ್ಲಿದ್ದಾಗಲೇ, 1968ರಲ್ಲಿ, ಚಂದ್ರಶೇಖರನ್ ಎಂಬವರೊಡನೆ ಒಂದು ಹೊಸ ವಿಚಾರವನ್ನು ಮುಂದಿಟ್ಟಿದ್ದರು. ಎಳೆಗೂ ಎಳೆಗೂ ನಡುವೆ ನೇರವಾದ ಎರಡನೆಯ ಬಂಧ ಇಲ್ಲದಿದ್ದರೆ, ಒಂದು ನೀರಿನ ಅಣು ನಡುವೆ ನಿಂತು ಎರಡು ಕೈಯನ್ನೂ ಚಾಚಿ ಸೇತುವೆಯಾಗಬಹುದಲ್ಲ! 1973ರಲ್ಲಿ ಇಲ್ಲಿ ಮಂಜು ಬನ್ಸಲ್ ಮತ್ತು ಭಟ್ನಾಗರ್ ಅವರೊಡನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊಲಾಜೆನ್ನಿನಲ್ಲಿ ಹೇರಳವಾಗಿರುವ ಹೈಡ್ರಾಕ್ಸಿಪ್ರೋಲೀನ್ ಎಂಬುದು ಇಂತಹ ನೀರಿನ ಸೇತುವೆಗಳಿಂದ ಹುರಿಗೆ ಬಲ ಕೊಡುತ್ತದೆ ಎಂದು ಸೂಚಿಸಿದರು. ಈ ಹೈಡ್ರಾಕ್ಸಿಪ್ರೋಲೀನ್ ಮೈಯಲ್ಲಿ ತಯಾರಾಗಲು ಸಿ ಜೀವಸತ್ತ್ವ ಬೇಕು. ನೆಲ್ಲಿಕಾಯಿಯಲ್ಲಿಯೂ ನಿಂಬೆಯಲ್ಲಿಯೂ ಇರುವ ಆ ಸತ್ತ್ವವಿಲ್ಲದೆ ಹಿಂದಿನ ನಾವಿಕರಿಗೆ ವಸಡು ಒಡೆದು ಹಳೆಯ ಗಾಯಗಳು ಬಿಚ್ಚಿಕೊಳ್ಳುತ್ತಿದ್ದುದಕ್ಕೆ ಈ ಹುರಿಯ ದೌರ್ಬಲ್ಯವೇ ಕಾರಣ. 1994ರಲ್ಲಿ ಮೂರೆಳೆಯ ಒಂದು ತುಣುಕಿನ ರಚನೆಯನ್ನು ಸ್ಫಟಿಕದಲ್ಲಿ ಸ್ಪಷ್ಟವಾಗಿ ಕಂಡಾಗ ನೇರವಾದ ಬಂಧ ಒಂದೇ ಇತ್ತು. ಸುತ್ತಲೂ ನೀರಿನ ಅಣುಗಳ ಬಲೆ ಹರಡಿತ್ತು. ನಲವತ್ತು ವರ್ಷದ ವಾದ ಹೀಗೆ ಇಬ್ಬರ ಮಾತನ್ನೂ ಉಳಿಸಿಕೊಂಡು ಮುಗಿಯಿತು.

ನಾನು ಈ ಬರಹಕ್ಕೆ ಏಕೆ ಕೈಹಾಕಿದೆನೆಂದು ಹೇಳಲು ಇದು ತಕ್ಕ ಎಡೆ. ನಮ್ಮ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುತ್ತಿದ್ದ ಹಿರಿಯರೊಬ್ಬರಿಗೆ ನಿವೃತ್ತಿಯ ಮರುವರ್ಷ ಹೃದಯಾಘಾತವಾಯಿತು. ಸಕಾಲದಲ್ಲಿ ಚಿಕಿತ್ಸೆ ದೊರೆತು ಜೀವ ಉಳಿಯಿತು. ಆದರೆ ದೊಡ್ಡ ಬಸವನ ಗುಡಿಯ ಮೆಟ್ಟಿಲುಗಳನ್ನು ಹಾಡಿಕೊಂಡು ಹತ್ತುತ್ತಿದ್ದವರು ಈಗ ಗಾಂಧಿ ಬಜಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಾರೆ. ಪಂಪನ ವೃತ್ತವೊಂದನ್ನು ಒಂದೇ ಉಸಿರಿಗೆ ಓದಲಾಗುವುದಿಲ್ಲವೆಂಬುದು ಅವರ ದೊಡ್ಡ ದುಃಖ. ಗುಂಡಿಗೆಯ ಒಂದು ಭಾಗ ಸತ್ತುಹೋಗಿದೆ, ಅಲ್ಲಿ ಈಗ ಇರುವುದು ಬರೀ ಗಾಯದ ಕಲೆ ಎಂದು ವೈದ್ಯರು ಹೇಳಿದರಂತೆ. ಆ ಭಾಗವನ್ನು ಮತ್ತೆ ಬದುಕಿಸುವಂತಿಲ್ಲವೇ ಎಂದು ಅವರು ಒಂದು ಸಂಜೆ ನನ್ನನ್ನು ಕೇಳಿದರು. ಕನ್ನಡದ ಮೇಷ್ಟರನ್ನು ಕೇಳುವ ಪ್ರಶ್ನೆ ಅದಲ್ಲ. ಆದರೂ ಅದು ನನ್ನನ್ನು ಬಿಡಲಿಲ್ಲ. ತಿಳಿದವರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ನಾನು ತಲಪಿದುದು ರಾಮಚಂದ್ರನ್ ಅವರ ಮೂರೆಳೆಯ ಹುರಿಗೆ.

ನಾನು ತಿಳಿದುಕೊಂಡುದು ಇಷ್ಟು. ಹೃದಯದ ಸ್ನಾಯುಕೋಶಗಳು ಚರ್ಮದ ಕೋಶಗಳಂತೆ ಮತ್ತೆ ಮತ್ತೆ ಹುಟ್ಟುವುದಿಲ್ಲ. ವರ್ಷಕ್ಕೆ ನೂರರಲ್ಲಿ ಒಂದರಷ್ಟು ಹೊಸದಾಗುವುದೂ ಹರೆಯದಲ್ಲಿ ಮಾತ್ರ; ವಯಸ್ಸಾದಂತೆ ಅದೂ ಅರ್ಧಕ್ಕಿಳಿಯುತ್ತದೆ. ದೊಡ್ಡ ಆಘಾತವೊಂದರಲ್ಲಿ ಅಂಥ ಕೋಶಗಳು ನೂರು ಕೋಟಿಯವರೆಗೂ ಸಾಯಬಹುದು. ಆಗ ದೇಹ ತನಗೆ ಬಲ್ಲ ರೀತಿಯಲ್ಲಿ ತೇಪೆ ಹಾಕುತ್ತದೆ. ಆ ತೇಪೆಯ ಬಟ್ಟೆ ಯಾವುದು? ಕೊಲಾಜೆನ್! ಆ ಹುರಿ ಗುಂಡಿಗೆ ಒಡೆಯದಂತೆ ಕಾಯುತ್ತದೆ, ಆದರೆ ಮಿಡಿಯುವುದಿಲ್ಲ. ಜೀವ ಉಳಿಸಿದ್ದೂ ಅದೇ, ಉಸಿರು ಕಟ್ಟಿಸಿದ್ದೂ ಅದೇ.

ಹೊರಗೆ ಬೆಳೆಸಿದ ಹೊಸ ಕೋಶಗಳನ್ನು ಅಲ್ಲಿಗೆ ಸೂಜಿಯಿಂದ ಚುಚ್ಚಿ ಬಿಡೋಣವೆಂದು ವಿಜ್ಞಾನಿಗಳು ಪ್ರಯತ್ನಿಸಿದರು. ಆದರೆ ಹೃದಯ ನಿಮಿಷಕ್ಕೆ ಎಪ್ಪತ್ತು ಸಲ ಹಿಂಡುವ ಯಂತ್ರ. ನೀರಿನಲ್ಲಿ ತೇಲಿಸಿ ಬಿಟ್ಟ ಕೋಶಗಳಲ್ಲಿ ಬಹುಪಾಲು ಕೆಲವು ಗಂಟೆಗಳಲ್ಲಿಯೇ ಕೊಚ್ಚಿಹೋಗುತ್ತವೆ. ಉಳಿದವೂ ಕಾಲೂರಲು ನೆಲೆಯಿಲ್ಲದೆ ಸಾಯುತ್ತವೆ. ಹೊಳೆಯಲ್ಲಿ ಬೀಜ ಬಿತ್ತಿದಂತೆ. ಬೀಜಕ್ಕೆ ಮಣ್ಣು ಬೇಕು. ಆ ಮಣ್ಣು ಸೂಜಿಯಲ್ಲಿ ಹರಿದು ಹೋಗುವಷ್ಟು ತೆಳ್ಳಗೂ ಇರಬೇಕು, ಒಳಗೆ ಹೋದೊಡನೆ ಗಟ್ಟಿಯಾಗಲೂ ಬೇಕು. ಇದಕ್ಕೆ ಹೊಂದಿದ ಪದಾರ್ಥವೇ ಹೈಡ್ರೋಜೆಲ್. ಎಂದರೆ ಬಲೆಯಂತಹ ಎಳೆಗಳ ನಡುವೆ ನೀರನ್ನು ತುಂಬಿಕೊಂಡ ಲೋಳೆ. ನಮ್ಮ ಮನೆಗಳಲ್ಲಿ ಇದು ಅಪರಿಚಿತವಲ್ಲ. ಶರಬತ್ತಿನಲ್ಲಿ ನೆನೆದ ಕಾಮಕಸ್ತೂರಿ ಬೀಜ ಸುತ್ತಲೂ ಕಟ್ಟಿಕೊಳ್ಳುವ ಪೊರೆ ಅದೇ ಜಾತಿ. ಬಿಸಿಯಲ್ಲಿ ಹರಿಯುತ್ತ, ತಟ್ಟೆಯಲ್ಲಿ ಆರಿ ಗಟ್ಟಿಯಾಗುವ ರಾಗಿ ಹಾಲುಬಾಯಿ ಅದರ ದಾಯಾದಿ. ಕೊಲಾಜೆನ್ನಿನ ನಡತೆ ಹಾಲುಬಾಯಿಗೆ ತದ್ವಿರುದ್ಧ. ಅದನ್ನು ಕರಗಿಸಿ ಹದಮಾಡಿ ತಣ್ಣಗಿಟ್ಟರೆ ದ್ರವವಾಗಿರುತ್ತದೆ. ಮೈಯ ಬಿಸಿಗೆ, 37 ಡಿಗ್ರಿಗೆ, ಬಂದಾಗ ಮೂರೆಳೆಯ ಹುರಿಗಳು ಒಂದರ ಪಕ್ಕದಲ್ಲಿ ಒಂದು ಸಾಲಾಗಿ ನಿಂತು ಬಲೆಯಾಗುತ್ತವೆ. ಆ ಬಲೆಯನ್ನು ಜೀವಕೋಶ ತನ್ನ ಮನೆಯೆಂದು ಗುರುತಿಸುತ್ತದೆ.

ಫಲವೇನು? ಇದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು, ಏಕೆಂದರೆ ಕೇಳುವವರ ಬಾಳು ಇದಕ್ಕೆ ತಗುಲಿಕೊಂಡಿದೆ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಲೋಳೆಯೊಂದನ್ನು, ಕೋಶಗಳಿಲ್ಲದೆ, 303 ರೋಗಿಗಳ ಮೇಲೆ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಪ್ರಯೋಜನ ಕಾಣಲಿಲ್ಲ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಹಂದಿಯ ಹೃದಯದಿಂದ ಕೋಶಗಳನ್ನೆಲ್ಲ ತೊಳೆದು ತೆಗೆದು, ಉಳಿದ ಕೊಲಾಜೆನ್ ಮುಂತಾದವುಗಳ ಹಂದರವನ್ನು ಲೋಳೆಯಾಗಿ ಮಾಡಿದರು. ತೆಳುವಾದ ಕೊಳವೆಯ ಮೂಲಕ ಅದನ್ನು 15 ರೋಗಿಗಳ ಹೃದಯಕ್ಕೆ ಸೇರಿಸಿದಾಗ ಅಪಾಯವೇನೂ ಕಾಣಲಿಲ್ಲವೆಂದು 2019ರಲ್ಲಿ ತಿಳಿಸಿದರು. ಚೀನಾದ ನಾನ್‌ಜಿಂಗಿನಲ್ಲಿ ಹೊಕ್ಕುಳಬಳ್ಳಿಯಿಂದ ಬೆಳೆಸಿದ ಕೋಶಗಳನ್ನು ಕೊಲಾಜೆನ್ ಲೋಳೆಯಲ್ಲಿಯೇ ಬೆರೆಸಿ, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಹೃದಯಕ್ಕೆ ಚುಚ್ಚಿ ನೋಡಿದರು. ಒಟ್ಟು 50 ಮಂದಿಯ ಈ ಪ್ರಯೋಗದ ವರದಿ 2020ರಲ್ಲಿ ಬಂತು. ಚಿಕಿತ್ಸೆ ನಿರಪಾಯವೆಂದು ಕಂಡಿತು. ಲಾಭವನ್ನು ಖಚಿತಪಡಿಸಲು ಅಷ್ಟು ಸಣ್ಣ ಸಂಖ್ಯೆ ಸಾಲದು. ದಿನಬಳಕೆಯ ಚಿಕಿತ್ಸೆಯಾಗಿ ಇದು ಇನ್ನೂ ಬಂದಿಲ್ಲ. ನನ್ನ ಹಿರಿಯ ಮಿತ್ರರಿಗೆ ನಾನು ಇಷ್ಟನ್ನೇ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಹುರಿಯನ್ನು ಕಂಡವರ ಕಥೆಯನ್ನು ಪೂರ್ತಿಯಾಗಿ ಬರೆಯಬೇಕೆಂದು ನನಗೆ ಅಪ್ಪಣೆ ಮಾಡಿದರು.

ರಾಮಚಂದ್ರನ್ ಅವರು ಇದೊಂದನ್ನೂ ಎದುರು ನೋಡಿ ಕೆಲಸ ಮಾಡಿದವರಲ್ಲ. ಕಾಂಗರೂವಿನ ಬಾಲದ ಒಂದು ಎಳೆಯಲ್ಲಿ ಪರಮಾಣುಗಳು ಹೇಗೆ ನಿಂತಿವೆ ಎಂಬುದಷ್ಟೇ ಅವರಿಗೆ ಬೇಕಾಗಿದ್ದ ವಿಷಯ. ಹೃದ್ರೋಗದ ವೈದ್ಯರು ಅವರ ಲೇಖನವನ್ನು ಓದಿಯೇ ಲೋಳೆಯನ್ನು ತಯಾರಿಸಿದರೆಂದೂ ನಾನು ಹೇಳಲಾರೆ. ಆದರೆ ಕೊಲಾಜೆನ್ ಏಕೆ ಬಲವಾಗಿದೆ, ಏಕೆ ನೀರನ್ನು ಹಿಡಿಯುತ್ತದೆ, ಕಾಯಿಸಿದರೆ ಏಕೆ ಬಿಚ್ಚಿಕೊಳ್ಳುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಪ್ರಾರಂಭವಾಗುವುದು ಆ ಮೂರೆಳೆಯಿಂದಲೇ.

ಬಾಳಿನ ಉತ್ತರಾರ್ಧದಲ್ಲಿ ಅವರ ಮನಸ್ಸು ತರ್ಕಶಾಸ್ತ್ರದ ಕಡೆಗೆ ತಿರುಗಿತು. ಒಂದು ಹೇಳಿಕೆ ಸತ್ಯ ಅಥವಾ ಸುಳ್ಳು ಎಂದು ಎರಡೇ ಪಾಲು ಮಾಡುವ ಪಾಶ್ಚಾತ್ಯ ತರ್ಕ ಅವರಿಗೆ ಸಾಲದೆ ಹೋಯಿತು. ಸಂದೇಹಕ್ಕೂ ವಿರೋಧಕ್ಕೂ ಸ್ಥಾನವಿರುವ ಒಂದು ಗಣಿತವನ್ನು ರಚಿಸಿ, ಅದಕ್ಕೆ ಸ್ಯಾದ್ ನ್ಯಾಯವೆಂದು ಹೆಸರಿಟ್ಟರು. ಜೈನರ ಸ್ಯಾದ್ವಾದವೂ ನಮ್ಮ ನ್ಯಾಯದರ್ಶನವೂ ಅಲ್ಲಿ ಕೈಕೈ ಹಿಡಿದಿವೆ. ಜೈನ ಕವಿಗಳ ಮನೆಯಲ್ಲಿಯೇ ತನ್ನ ಮೊದಲ ಮಹಾಕಾವ್ಯಗಳನ್ನು ಕಂಡ ಭಾಷೆಯ ಅಧ್ಯಾಪಕನಾದ ನನಗೆ ಇದು ವಿಶೇಷವಾಗಿ ಮನಮುಟ್ಟುವ ಸಂಗತಿ. ವಸ್ತುವಿಗೆ ಅನೇಕ ಮುಖಗಳಿವೆ, ಒಂದು ದಿಕ್ಕಿನಿಂದ ಒಂದೇ ಮುಖ ಕಾಣುತ್ತದೆ ಎಂಬುದು ಸ್ಯಾದ್ವಾದದ ತಿರುಳು. ಹಲವು ದಿಕ್ಕಿನ ನೆರಳುಗಳಿಂದ ಒಳಗಿನ ರೂಪವನ್ನು ಕಟ್ಟುವ ಲೆಕ್ಕ ಮಾಡಿದವರು, ಕೊಲಾಜೆನ್ನಿನ ವಿವಾದದಲ್ಲಿ ಎರಡು ಪಕ್ಷವೂ ಅಷ್ಟಷ್ಟು ಸರಿಯೆಂಬುದನ್ನು ಬಾಳಿನಲ್ಲಿಯೇ ಕಂಡವರು, ಈ ದರ್ಶನಕ್ಕೆ ಬಂದು ಸೇರಿದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಪಾರ್ಕಿನ್‌ಸನ್ ವ್ಯಾಧಿ ಅವರನ್ನು ಹಿಡಿಯಿತು. ಅಷ್ಟು ನಿಖರವಾಗಿ ಕೋನಗಳನ್ನು ಎಳೆದವರು ಕೈನಡುಕದ ರೋಗಕ್ಕೆ ತುತ್ತಾದರು. 1998ರಲ್ಲಿ ಪತ್ನಿ ರಾಜಲಕ್ಷ್ಮಿಯವರು ತೀರಿಕೊಂಡ ಮೇಲೆ ಅವರು ಪೂರ್ತಿಯಾಗಿ ಕುಗ್ಗಿಹೋದರು. 1999ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಸಂಘ ತನ್ನ ಅತ್ಯುಚ್ಚ ಗೌರವವಾದ ಎವಾಲ್ಡ್ ಪ್ರಶಸ್ತಿಯನ್ನು ಕೊಟ್ಟಿತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅವರು ದೇಹಬಿಟ್ಟರು. ನೊಬೆಲ್ ಬರಲಿಲ್ಲ.

ಚೆನ್ನೈಯ ಚರ್ಮ ಸಂಶೋಧನಾಲಯದವರು ತಮ್ಮ ಸಭಾಂಗಣಕ್ಕೆ ಟ್ರಿಪಲ್ ಹೆಲಿಕ್ಸ್, ಎಂದರೆ ಮೂರೆಳೆಯ ಸುರುಳಿ, ಎಂದು ಹೆಸರಿಟ್ಟು ಅವರ ಋಣವನ್ನು ನೆನೆದಿದ್ದಾರೆ. ನಮ್ಮ ಊರಿನಲ್ಲಿ ಅವರು ಸ್ಥಾಪಿಸಿದ ಘಟಕ ಇಂದಿಗೂ ಕೆಲಸ ಮಾಡುತ್ತಿದೆ. ಅವರ ವಿಷಯವಾಗಿ ಕನ್ನಡದಲ್ಲಿ ನಮ್ಮ ಹುಡುಗರ ಕೈಗೆ ಕೊಡಬಹುದಾದ ಒಂದು ಒಳ್ಳೆಯ ಪುಸ್ತಕ, ಅವರ ನಕ್ಷೆಯನ್ನೂ ನಡತೆಯನ್ನೂ ಜೊತೆಯಾಗಿ ಹೇಳುವಂಥದು, ನಮ್ಮ ಅಧ್ಯಾಪಕರಲ್ಲಿ ಯಾರಾದರೂ ಬರೆಯಬೇಕು. ವಿಜ್ಞಾನ ಬಲ್ಲವರು ಕನ್ನಡದವರನ್ನೂ, ಕನ್ನಡ ಬಲ್ಲವರು ವಿಜ್ಞಾನದವರನ್ನೂ ಜೊತೆಗೆ ಕರೆದುಕೊಂಡರೆ ಆ ಕೆಲಸ ಒಂದು ಬೇಸಗೆಯ ರಜೆಯಲ್ಲಿ ಪ್ರಾರಂಭವಾಗಬಹುದು.